ಕಲೆಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು? ಯಕ್ಷಗಾನದ ಲೆಕ್ಕ ಹಿಡಿದು ಒಂದು ಉತ್ತರ

ನಿಮ್ಮ ಪ್ರಶ್ನೆ ಇದು: "ರಸ್ತೆಗೆ, ಆಸ್ಪತ್ರೆಗೇ ದುಡ್ಡು ಸಾಲುತ್ತಿಲ್ಲ. ಹೀಗಿರುವಾಗ ರಾಜ್ಯ ಸರ್ಕಾರ ನಾಟಕ, ಯಕ್ಷಗಾನ, ಅಕಾಡೆಮಿ ಅಂತ ಯಾಕೆ ಖರ್ಚು ಮಾಡಬೇಕು? ರಾಜ್ಯಕ್ಕೆ ಇದರಿಂದ ನಿಜವಾಗಿ ಏನು ಲಾಭ?"

"ಸಂಸ್ಕೃತಿ ಉಳಿಯಬೇಕಲ್ವಾ" ಅನ್ನುವ ಉತ್ತರ ನಿಮಗೆ ಸಾಲದು ಅಂತ ಪ್ರಶ್ನೆಯ ಧಾಟಿಯಲ್ಲೇ ಗೊತ್ತಾಗುತ್ತದೆ. ನನಗೂ ಸಾಲದು. ನಾನು ಕುಂದಾಪುರ ಕಡೆಯವನು, ಕೆಲಸ ಲೆಕ್ಕಪತ್ರ ಬರೆಯುವುದು. ಶಾಮಿಯಾನ, ಜನರೇಟರ್, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಕೆಲವರ ಪುಸ್ತಕಗಳು ನನ್ನ ಹತ್ತಿರವೇ ಇರುತ್ತವೆ. ಹಾಗಾಗಿ ನನಗೆ ಗೊತ್ತಿರುವ ಯಕ್ಷಗಾನದಿಂದಲೇ ಉತ್ತರ ಕೊಡುತ್ತೇನೆ. ತಮಾಷೆ ಏನೆಂದರೆ, ಇದು ಸರ್ಕಾರದ ದುಡ್ಡನ್ನು ಹೆಚ್ಚು ನಂಬದೆ ನಡೆಯುವ ಕಲೆ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಆದರೂ ಸರ್ಕಾರ ಖರ್ಚು ಮಾಡಬೇಕು ಅಂತಲೇ ನಾನು ಹೇಳುತ್ತೇನೆ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ದೀಪಾವಳಿ ಕಳೆದು ಕಾರ್ತಿಕದ ಹೊತ್ತಿಗೆ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಊರೂರು ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯಲ್ಲಿ, ಪತ್ತನಾಜೆ ಅನ್ನುವ ತುಳುನಾಡಿನ ದಿನದ ಹೊತ್ತಿಗೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ನಡುವಿನ ಆರು ತಿಂಗಳು ಹೆಚ್ಚುಕಮ್ಮಿ ದಿನಾ ಆಟ, ಅಂದರೆ ಪ್ರದರ್ಶನ. ಕಟೀಲು ದೇವಸ್ಥಾನದ ಏಳು ಮೇಳ ಹೊರಟರೆ ಒಂದೇ ಕ್ಷೇತ್ರದ ಹೆಸರಲ್ಲಿ ಒಂದು ತಿರುಗಾಟಕ್ಕೆ ಸಾವಿರಕ್ಕೂ ಹೆಚ್ಚು ಆಟ ಆಗುತ್ತದೆ. ಮಂದಾರ್ತಿಯದ್ದೇ ಐದು ಮೇಳ. ಇವುಗಳಲ್ಲಿ ಹೆಚ್ಚಿನವು ಹರಕೆ ಆಟಗಳು. ಮಗುವಿಗೆ ಹುಷಾರಾಯಿತು, ಮನೆ ಕಟ್ಟಿ ಮುಗಿಯಿತು, ಮುಂಬೈಯಲ್ಲಿ ಹೋಟೆಲ್ ನಿಂತಿತು ಅಂತ ಒಂದು ಮನೆಯವರು ಹರಕೆ ಹೊತ್ತು ಆಟ ಆಡಿಸುತ್ತಾರೆ. ನೋಡುವವರಿಗೆ ಟಿಕೆಟ್ ಇಲ್ಲ. ದೊಡ್ಡ ಕ್ಷೇತ್ರಗಳ ಮೇಳಕ್ಕೆ ಇವತ್ತು ಹೆಸರು ಕೊಟ್ಟರೆ ಸರದಿ ಬರಲು ಎಷ್ಟೋ ವರ್ಷ ಕಾಯಬೇಕು. ಮುಂದಿನ ಆರ್ಡರ್ ಪುಸ್ತಕ ಇಷ್ಟು ತುಂಬಿರುವ ಕಾರ್ಖಾನೆ ರಾಜ್ಯದಲ್ಲಿ ಎಷ್ಟಿವೆಯೋ!

ಆಟದ ದಿನ ಆ ದುಡ್ಡು ಊರಲ್ಲಿ ಹರಡುತ್ತದೆ. ಹಾಡುವ ಭಾಗವತರು, ಮದ್ದಳೆ, ಚೆಂಡೆ ಬಾರಿಸುವವರು, ವೇಷಧಾರಿಗಳು, ಹಾಸ್ಯಗಾರರು, ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷ ಕಟ್ಟಲು ನೆರವಾಗುವವರು, ರಂಗಸ್ಥಳ ಹಾಕುವವರು, ಡ್ರೈವರ್‌ಗಳು ಎಲ್ಲ ಮೇಳದ ಕಡೆಯವರು. ಮೇಳದ ಹೊರಗೆ ಇನ್ನೂ ಜಾಸ್ತಿ ಜನ ಇದ್ದಾರೆ. ಅಡುಗೆಯವರು, ಲೈಟಿನವರು, ಕುರ್ಚಿಯವರು, ಚುರುಮುರಿ, ಗೋಳಿಬಜೆ, ಐಸ್‌ಕ್ರೀಂ ಮಾರುವವರು. ಅದರಾಚೆ ಕಿರೀಟ, ಭುಜಕೀರ್ತಿ, ಎದೆಪದಕ ಮಾಡುವವರು, ಮದ್ದಳೆಗೆ ಮುಚ್ಚಿಗೆ (ಚರ್ಮ) ಹಾಕುವವರು. ಇವರ ಕೆಲಸ ಕಣ್ಣಿಗೇ ಬೀಳುವುದಿಲ್ಲ. ನನ್ನ ಗಿರಾಕಿಗಳ ಪುಸ್ತಕದಲ್ಲಿ ಡಿಸೆಂಬರ್‌ನಿಂದ ಮೇವರೆಗಿನ ಪುಟಗಳು ಭರ್ತಿ. ಜೂನ್ ಪುಟ ತೆರೆದರೆ ರಿಪೇರಿ ಖರ್ಚು ಬಿಟ್ಟರೆ ಬೇರೇನೂ ಇರುವುದಿಲ್ಲ.

ಕಲೆಯ ಪರ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. "ನೋಡಿ, ಇಷ್ಟು ಜನರಿಗೆ ಕೆಲಸ, ಇಷ್ಟು ವಹಿವಾಟು" ಅಂತ ಒಂದು ದೊಡ್ಡ ಅಂಕಿ ಮುಂದಿಡುತ್ತಾರೆ. ಲೆಕ್ಕದವನಾಗಿ ಹೇಳುತ್ತೇನೆ, ಈ ವಾದ ಅಷ್ಟು ಗಟ್ಟಿಯಲ್ಲ. ಅದೇ ಮನೆಯವರು ಆಟ ಬಿಟ್ಟು ಅದ್ದೂರಿ ಮದುವೆಗೆ ಖರ್ಚು ಮಾಡಿದರೂ ಜನರೇಟರ್‌ನವನಿಗೆ ಬಾಡಿಗೆ ಸಿಗುತ್ತದೆ, ಅಡುಗೆಯವನಿಗೆ ಕೂಲಿ ಸಿಗುತ್ತದೆ. ಬರೀ ವಹಿವಾಟೇ ಬೇಕಾದರೆ ಕಲೆಯೇ ಆಗಬೇಕೆಂದಿಲ್ಲ. ಕಲೆಯಿಂದ ಮಾತ್ರ ಆಗುವ ಕೆಲಸ ಯಾವುದು, ಅದರಲ್ಲಿ ಯಾರೂ ದುಡ್ಡು ಹಾಕದ ಭಾಗ ಯಾವುದು? ಸರ್ಕಾರದ ಪ್ರಶ್ನೆ ಅಲ್ಲಿಂದ ಶುರುವಾಗಬೇಕು.

ನಮ್ಮ ಕರಾವಳಿಯಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಹೀಗೆ ಏನೇನೋ. ತುಳುವಿನಲ್ಲೂ ಯಕ್ಷಗಾನ ಇದೆ, ಆದರೆ ಪುರಾಣ ಪ್ರಸಂಗಗಳ ಮಾತು ಹೆಚ್ಚಾಗಿ ಕನ್ನಡವೇ. ಅದೂ ಇಂಗ್ಲಿಷ್ ಪದ ಒಂದೂ ನುಸುಳದ ಕನ್ನಡ. ಮೈಕ್ ಕೈಕೊಟ್ಟರೂ ರಂಗದ ಮೇಲಿರುವ ಭೀಮ 'ಮೈಕ್' ಅನ್ನುವ ಹಾಗಿಲ್ಲ. ಆ ಮಾತು ಬರೆದಿಟ್ಟದ್ದಲ್ಲ, ವೇಷಧಾರಿ ಅಲ್ಲೇ ಕಟ್ಟುವುದು. ಶಾಲೆ ಅರ್ಧಕ್ಕೆ ಬಿಟ್ಟವರು ಕರ್ಣನ ಪರ ಅರ್ಧ ಗಂಟೆ ತರ್ಕ ಮಾಡುತ್ತಾರೆ. ಕೆಳಗೆ ಕೂತವರು ಮಾರನೇ ದಿನ ಚಹದಂಗಡಿಯಲ್ಲಿ ಅದೇ ತರ್ಕ ಮುಂದುವರಿಸುತ್ತಾರೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಬರೀ ಹಾಡು ಮತ್ತು ವಾದ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿ ಕನ್ನಡ ಇನ್ನೂ ಜನರ ಬಾಯಲ್ಲಿ ಉಳಿದಿರುವುದರಲ್ಲಿ ಶಾಲೆಗಳ ಜೊತೆ ಯಕ್ಷಗಾನಕ್ಕೂ ದೊಡ್ಡ ಪಾಲಿದೆ. ಭಾಷೆ ಉಳಿಸಲು ಒಂದು ರಾಜ್ಯ ಎಷ್ಟು ಖರ್ಚು ಮಾಡಬೇಕಾಗುತ್ತದೋ, ಅದರಲ್ಲಿ ಒಂದಷ್ಟನ್ನು ಹರಕೆಯವರು ತಮ್ಮ ಜೇಬಿನಿಂದಲೇ ಕೊಡುತ್ತಿದ್ದಾರೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಕಲೆಗೆ ಜಾತಿ ಇಲ್ಲ ಅಂತ ವೇದಿಕೆಯಲ್ಲಿ ಹೇಳುವುದು ಸುಲಭ, ಚೌಕಿಯಲ್ಲಿ ಯಾವಾಗಲೂ ಹಾಗಿರಲಿಲ್ಲ. ವೃತ್ತಿ ಮೇಳಗಳಲ್ಲಿ ಸ್ತ್ರೀವೇಷ ಇವತ್ತಿಗೂ ಬಹುಪಾಲು ಗಂಡಸರದ್ದೇ. ಹರಕೆ ಹೊತ್ತವರು ಕೊಡುವ ದುಡ್ಡಿಗೂ ಒಂದು ಮಿತಿ ಇದೆ. ಅವರು ಆ ರಾತ್ರಿಯ ಆಟಕ್ಕೆ ಕೊಡುತ್ತಾರೆ. ಮುಂದಿನ ತಲೆಮಾರಿನ ಮದ್ದಳೆಗಾರನನ್ನು ತಯಾರು ಮಾಡುವುದಕ್ಕೆ ಅಲ್ಲ. ಮಳೆಗಾಲದ ಐದಾರು ತಿಂಗಳು ಕಲಾವಿದನ ಮನೆ ಹೇಗೆ ನಡೆಯುತ್ತದೆ ಅನ್ನುವುದು ಅವರ ತಲೆಬಿಸಿಯಲ್ಲ, ಆಗಬೇಕು ಅಂತಲೂ ಇಲ್ಲ. ಕೆಲವರು ಚಿಕ್ಕಮೇಳ ಅಂತ ಪುಟ್ಟ ತಂಡ ಕಟ್ಟಿಕೊಂಡು ಮನೆ ಮನೆ ತಿರುಗುತ್ತಾರೆ, ಕೆಲವರು ಬೆಂಗಳೂರು, ಮುಂಬೈಯಲ್ಲಿ ಆಟ ಹಿಡಿಯುತ್ತಾರೆ, ಉಳಿದವರು ತೋಟದ ಕೆಲಸಕ್ಕೆ ಹೋಗುತ್ತಾರೆ. ಧಿಗಿಣ (ಹಾರಿ ಸುತ್ತುವ ಕುಣಿತ) ಹೊಡೆದು ಹೊಡೆದು ಮಂಡಿ ಹೋದ ಪುಂಡುವೇಷದವನಿಗೆ, ಅಂದರೆ ತರುಣ ವೀರರ ಪಾತ್ರ ಮಾಡುವವನಿಗೆ, ಐವತ್ತರ ಮೇಲೆ ಯಾರು ದಿಕ್ಕು?

ಈ ಜಾಗವನ್ನು ಇಲ್ಲಿಯವರೆಗೆ ಜಾಸ್ತಿ ತುಂಬಿರುವುದು ಊರಿನ ಜನವೇ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೆ. ಕಲಾವಿದರ ವಿಮೆ, ಕಷ್ಟಕ್ಕೆ ನೆರವು, ಬಡ ಮಕ್ಕಳ ಓದು, ಮನೆ ಇಲ್ಲದವರಿಗೆ ಮನೆ ಅಂತ ಅವರು ಮಾಡಿರುವ ಕೆಲಸ ನೋಡಿದರೆ ಕಲಾ ಸಂಘವೋ ಕಲ್ಯಾಣ ಇಲಾಖೆಯೋ ಅಂತ ಅನುಮಾನ ಬರಬೇಕು. ಸರ್ಕಾರವೂ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ನನ್ನ ಪ್ರಕಾರ ಸನ್ಮಾನ, ಉತ್ಸವ, ಫ್ಲೆಕ್ಸ್‌ಗಿಂತ ಆ ಮಾಸಾಶನದ ಒಂದೊಂದು ರೂಪಾಯಿಗೂ ಬೆಲೆ ಜಾಸ್ತಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವನ್ನು 1960ರ ದಶಕದಲ್ಲಿ ಸರ್ಕಾರ ಕಟ್ಟಿಸಿದಾಗಲೂ "ಇದೆಲ್ಲ ಯಾಕೆ" ಅಂದವರು ಇದ್ದಿರಬಹುದು. ಮಳೆಗಾಲದಲ್ಲಿ ನಮ್ಮವರು ಘಟ್ಟ ಹತ್ತಿ ಹೋಗಿ ಆಡುವ ಜಾಗಗಳಲ್ಲಿ ಅದೂ ಒಂದು. ಖಾಸಗಿ ಹಾಲ್‌ನ ಬಾಡಿಗೆ ಕೊಟ್ಟು ಅಷ್ಟು ದೊಡ್ಡ ಹಿಮ್ಮೇಳ (ಹಾಡು, ವಾದ್ಯದವರು), ಮುಮ್ಮೇಳ (ವೇಷಧಾರಿಗಳು) ಕರೆಸಿದರೆ ಸಂಘಟಕನ ಕೈ ಸುಡುತ್ತದೆ.

ಸರ್ಕಾರದ ದುಡ್ಡು ಅಂದರೆ ಅನುದಾನವೇ ಆಗಬೇಕಿಲ್ಲ, ಇದನ್ನೂ ಮರೆಯಬೇಡಿ. ನಾಟಕ, ಜಾನಪದ ನೃತ್ಯ ಇಂಥವುಗಳ ಟಿಕೆಟ್ ಒಬ್ಬರಿಗೆ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. ಅದೂ ಒಂದು ರೀತಿಯ ಸಹಾಯವೇ. ಇನ್ನೊಂದು ಕಡೆ, ಒಂದೇ ಒಂದು ನಿಯಮ ಕಲೆಯ ಸ್ವರೂಪವನ್ನೇ ತಿರುಗಿಸಿಬಿಡಬಲ್ಲದು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಅನ್ನುವ ನಿಯಮ ಬಿಗಿಯಾದ ಹೊತ್ತಲ್ಲಿ, 2022ರಲ್ಲಿ, ಕಟೀಲು ಮೇಳಗಳೂ ಬೆಳಗಿನವರೆಗಿನ ಆಟ ಬಿಟ್ಟು ಕಾಲಮಿತಿಗೆ, ಅಂದರೆ ರಾತ್ರಿಯೇ ಬೇಗ ಮುಗಿಯುವ ಆಟಕ್ಕೆ, ಬಂದವು. ಧರ್ಮಸ್ಥಳ ಮೇಳ ಅದಕ್ಕೂ ಮುಂಚೆಯೇ ಬಂದಿತ್ತು. ಕಲಾವಿದರಿಗೆ ನಿದ್ದೆ ಸಿಕ್ಕಿತು, ಮಕ್ಕಳು ಮರಿ ಕಟ್ಟಿಕೊಂಡು ಬರುವವರಿಗೆ ಅನುಕೂಲ ಆಯಿತು. ನಡುರಾತ್ರಿ ಚಹಾ ಮಾರುವವನ ವ್ಯಾಪಾರ ಹೋಯಿತು. ಬೆಳಗಿನ ಜಾವ ಬರುತ್ತಿದ್ದ ಬಣ್ಣದ ವೇಷದ (ರಕ್ಕಸ ಪಾತ್ರದ) ಒಡ್ಡೋಲಗ, ಅಂದರೆ ರಂಗಪ್ರವೇಶ, ಕಾಲಮಿತಿಯ ಆಟದಲ್ಲಿ ಅವಸರದಲ್ಲಿ ಮುಗಿಯುತ್ತದೆ. ಸರಿಯೋ ತಪ್ಪೋ ಅನ್ನುವ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ನಾನಂತೂ ಪೂರ್ತಿ ರಾತ್ರಿಯ ಪಕ್ಷ, ಆದರೆ ಮಾರನೇ ದಿನ ಆಫೀಸಿಗೆ ಹೋಗುವ ವಯಸ್ಸಿನಲ್ಲಿ ಪಕ್ಷಾಂತರ ಮಾಡಿದವರ ಮೇಲೆ ಸಿಟ್ಟೇನಿಲ್ಲ.

ಇನ್ನು ಲಾಭದ ಮಾತು. ಕಲೆಯಲ್ಲಿ ಲಾಭ ಬರುತ್ತದೆ, ಆದರೆ ಖರ್ಚು ಮಾಡಿದ ವರ್ಷದಲ್ಲೇ, ಖರ್ಚು ಮಾಡಿದವನಿಗೇ ಬರುವುದಿಲ್ಲ. ಲೆಕ್ಕದವರಿಗೆ ಇದು ದೊಡ್ಡ ತಲೆನೋವು. ಕರಾವಳಿ ಬಿಟ್ಟು ಒಂದು ಉದಾಹರಣೆ ಕೊಡುತ್ತೇನೆ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಮುಂದೆ ಅದನ್ನು ಬೆಳೆಸಿದವರು ವೀರಣ್ಣನವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ನಟರಾಗಿದ್ದರು, ಅವರ ಮಗ ಮುತ್ತುರಾಜ ಅಲ್ಲೇ ಪಳಗಿದ. 1954ರಲ್ಲಿ ಆ ಹುಡುಗ ಸಿನಿಮಾದಲ್ಲಿ ನಾಯಕನಾಗಿ ರಾಜ್‌ಕುಮಾರ್ ಆದ. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಕಂಪನಿಯಲ್ಲಿ ಕಲಿತವರು. ಕನ್ನಡ ಚಿತ್ರರಂಗ ಮುಂದೆ ದುಡಿದ ದುಡ್ಡು, ಕೊಟ್ಟ ತೆರಿಗೆ, ಸಾವಿರಾರು ಜನರಿಗೆ ಕೊಟ್ಟ ಕೆಲಸ ಗುಬ್ಬಿ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಬಂದಿಲ್ಲ. ಬರುವುದೂ ಇಲ್ಲ.

ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಹುಡುಗನೊಬ್ಬ ಮನೆ ಬಿಟ್ಟು ಓಡಿ ಅದೇ ಕಂಪನಿ ಸೇರಿದ. ವೀರಣ್ಣನವರು ಅವನನ್ನು ಕಾಶಿಗೆ ಕಳಿಸಿ ಓದಿಸಿದರು. ಆ ಹುಡುಗ ಬಿ.ವಿ. ಕಾರಂತ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಭೋಪಾಲದಲ್ಲಿ ರಂಗಮಂಡಲ ಕಟ್ಟಿದರು, 1989ರಲ್ಲಿ ಮೈಸೂರಿನ ರಂಗಾಯಣ ಶುರು ಮಾಡಿದರು. ರಂಗಾಯಣ ಸರ್ಕಾರದ ದುಡ್ಡಲ್ಲಿ ನಡೆಯುತ್ತದೆ. ಅಲ್ಲಿಂದ ಬಂದ ನಟನಟಿಯರನ್ನು ನೀವು ಸಿನಿಮಾ, ಧಾರಾವಾಹಿಗಳಲ್ಲಿ ನೋಡಿಯೇ ಇರುತ್ತೀರಿ. ಕಾಶಿಗೆ ಕಳಿಸಿದ ವರ್ಷ ಯಾರಾದರೂ ಆಡಿಟ್ ಮಾಡಿದ್ದರೆ "ದಂಡ ಖರ್ಚು" ಅಂತಲೇ ಷರಾ ಬರೆಯುತ್ತಿದ್ದರು. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ.

ಇಂಥ ಖರ್ಚನ್ನು ವೀರಣ್ಣನಂಥ ಒಬ್ಬ ಮಾಲೀಕ ಮಾಡಬಹುದು, ಹೆಗ್ಗೋಡಿನ ನೀನಾಸಂನಂಥ ಹಳ್ಳಿಯ ಸಂಘ ಮಾಡಬಹುದು. ಅಡಿಕೆ ಬೆಳೆಯುವ ಆ ಊರಿನವರು 1949ರಲ್ಲಿ ಕಟ್ಟಿದ ಸಂಘ ನಾಟಕ ಶಾಲೆ ನಡೆಸಿತು, 1985ರಿಂದ ತಿರುಗಾಟ ತಂಡ ಕಳಿಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕೆ.ವಿ. ಸುಬ್ಬಣ್ಣ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಆದರೆ ಇಂಥವರು ಪ್ರತಿ ಜಿಲ್ಲೆಯಲ್ಲೂ ಹುಟ್ಟುತ್ತಾರೆ ಅಂತ ನಂಬಿ ಕೂರುವುದು ಆಗದ ಮಾತು. ಫಲ ಯಾವಾಗ, ಯಾರಿಗೆ ಬರುತ್ತದೆ ಗೊತ್ತಿಲ್ಲದ ಕೆಲಸಕ್ಕೆ ದುಡ್ಡು ಹಾಕುವಷ್ಟು ಆಯುಷ್ಯ ಇರುವುದು ಸರ್ಕಾರಕ್ಕೆ ಮಾತ್ರ. ಪ್ರಾಥಮಿಕ ಶಾಲೆಗೂ ನಾವು ಖರ್ಚು ಮಾಡುವುದು ಇದೇ ಲೆಕ್ಕದ ಮೇಲೆ.

ಹಾಗಾದರೆ ಆಸ್ಪತ್ರೆಯ ದುಡ್ಡು ಕಿತ್ತು ಕಲೆಗೆ ಕೊಡಬೇಕಾ? ಬೇಡ. ಕಲೆಗೆ ಈಗ ಹೋಗುತ್ತಿರುವ ದುಡ್ಡಲ್ಲೇ ಒಂದು ಪಾಲು ವೇದಿಕೆ ಅಲಂಕಾರಕ್ಕೆ, ಹಾರ ತುರಾಯಿಗೆ, ಗಣ್ಯರ ಊಟಕ್ಕೆ ಕರಗುತ್ತದೆ. ಒಂದೇ ರಾತ್ರಿಯ ಉತ್ಸವಕ್ಕೆ ಹೊರಗಿನಿಂದ ಬರುವ ಗಾಯಕನಿಗೆ ಕೊಡುವಷ್ಟರಲ್ಲಿ ಎಷ್ಟು ಹಿಮ್ಮೇಳದ ಹುಡುಗರು ವರ್ಷವಿಡೀ ಕಲಿಯಬಹುದು ಅಂತ ಯಾರೂ ಕೂಡಿ ಕಳೆದು ನೋಡುವುದಿಲ್ಲ. ನೀವು ತಗಾದೆ ತೆಗೆಯಬೇಕಾದ ಜಾಗ ಅದು.

ನನ್ನ ಕೈಗೆ ಬಜೆಟ್ ಕೊಟ್ಟರೆ ಮೊದಲ ರೂಪಾಯಿ ಹೆಣ್ಣುಮಕ್ಕಳಿಗೆ ಹಾಕುತ್ತೇನೆ. ಉಡುಪಿ ಕಡೆಯ ಹೈಸ್ಕೂಲುಗಳಲ್ಲಿ ಈಗ ಗುರುಗಳನ್ನಿಟ್ಟು ಯಕ್ಷಗಾನ ಕಲಿಸುತ್ತಾರೆ. ಅಲ್ಲಿ ಗೆಜ್ಜೆ ಕಟ್ಟುವವರಲ್ಲಿ ಹುಡುಗಿಯರು ಬಹಳ. ದೇವೇಂದ್ರ, ರಕ್ಕಸ ಎಲ್ಲ ಅವರೇ. ಹತ್ತನೇ ಕ್ಲಾಸ್ ಮುಗಿಯುತ್ತದೆ, ಗೆಜ್ಜೆ ಕಪಾಟು ಸೇರುತ್ತದೆ. ರಾತ್ರಿ ತಿರುಗಾಟದ ಮೇಳದಲ್ಲಿ ಅವರಿಗೆ ಜಾಗ ಇಲ್ಲ, ಹರಕೆ ಹೊತ್ತವರು ಅವರನ್ನು ಕೇಳುವುದಿಲ್ಲ. ಕಾಲೇಜಿನ ಹೊತ್ತಲ್ಲಿ ಮುಂದುವರಿಸಲು ಒಂದು ಶಿಷ್ಯವೇತನ, ಬಟ್ಟೆ ಬದಲಿಸಲು ಬಾಗಿಲಿರುವ ಚೌಕಿ, ಆಟ ಮುಗಿದ ಮೇಲೆ ಮನೆಗೆ ಬಿಡುವ ಒಂದು ವ್ಯಾನ್. ಕೇಳಿದರೆ ಬಹಳ ದೊಡ್ಡ ಮೊತ್ತವೇನಲ್ಲ.