ಹೆಡ್‌ಲ್ಯಾಂಪ್ ಇಲ್ಲದ ಕಾಲದಲ್ಲಿ ರಾತ್ರಿ ಬೆಟ್ಟ ಹೇಗೆ ಹತ್ತುತ್ತಿದ್ದರು?

ಪರ್ವತಾರೋಹಿಗಳು ನಡುರಾತ್ರಿ ಯಾಕೆ ಹೊರಡುತ್ತಾರೆ, ಹೆಡ್‌ಲ್ಯಾಂಪ್, ಅಂದರೆ ತಲೆಗೆ ಕಟ್ಟುವ ದೀಪ, ಬರುವ ಮುಂಚೆ ಏನು ಹಿಡಿದು ಹತ್ತುತ್ತಿದ್ದರು ಅಂತ ಕೇಳಿದ್ದೀರಿ. ನಾನು ಶಿರಸಿಯವನು, ಈ ವಿಷಯದ ಹುಚ್ಚು ಮೊದಲಿಂದಲೂ ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಾತ್ರಿ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ. ಬಿಸಿಲೇರಿದರೆ ಮೆತ್ತಗಾಗಿ ಕಾಲು ಹುಗಿಯುತ್ತದೆ, ಮೇಲಿಂದ ಕಲ್ಲು ಉದುರುತ್ತವೆ, ಹಿಮ ಕುಸಿಯುವ ಭಯವೂ ಜಾಸ್ತಿ. ಅದಕ್ಕೇ 19ನೇ ಶತಮಾನದಲ್ಲೂ ಆಲ್ಪ್ಸ್ ಹತ್ತುವವರು ಕತ್ತಲಲ್ಲೇ ಹೊರಡುತ್ತಿದ್ದರು, ಕೈಯಲ್ಲಿ ಮೇಣದಬತ್ತಿಯ ಲಾಟೀನು ಹಿಡಿದು. ನಮ್ಮಲ್ಲಿ ಹಿಂದೆ ಸೂಡಿ (ಒಣಗರಿಯ ಪಂಜು) ಹಚ್ಚಿಕೊಂಡು ಯಕ್ಷಗಾನದ ಆಟ ನೋಡಲು ಹೋಗುತ್ತಿದ್ದರಲ್ಲ, ಹಾಗೆ ಒಂದು ಕೈ ಬೆಳಕಿಗೇ ಮೀಸಲು. ಕಾಡುದಾರಿಯಲ್ಲಿ ಅದು ನಡೆಯುತ್ತದೆ. ಕಡಿದಾದ ಹಿಮದಲ್ಲಿ ಹಿಮ ಕಡಿಯುವ ಕೊಡಲಿಗೂ (ಐಸ್ ಆಕ್ಸ್) ಹಗ್ಗಕ್ಕೂ ಕೈ ಬೇಕು.

1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಬ್ರಿಟಿಷ್ ಪರ್ವತಾರೋಹಿಗಳಾದ ಮ್ಯಾಲರಿ, ಅರ್ವಿನ್ ಅವರ ಕೊನೆಯ ಡೇರೆ 1933ರ ತಂಡಕ್ಕೆ ಸಿಕ್ಕಿತು. ಒಳಗೆ ಮಡಚುವ ಲಾಟೀನೂ ಇತ್ತು, ಟಾರ್ಚೂ ಇತ್ತು. ಆ ಟಾರ್ಚು ಒತ್ತಿದರೆ ಇನ್ನೂ ಹೊತ್ತಿಕೊಳ್ಳುತ್ತಿತ್ತು! ಇವೆರಡನ್ನೂ ಬಿಟ್ಟುಹೋದ ಅವರಿಬ್ಬರು ಇಳಿಯುವಾಗ ಕತ್ತಲಾಗಿದ್ದರೆ ಏನು ಮಾಡಿರಬಹುದು ಅಂತ ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ತಲೆಗೆ ದೀಪ ಕಟ್ಟುವುದನ್ನು ಕಲಿಸಿದವರು ಗಣಿ ಕೆಲಸದವರು, ಗುಹೆ ಹೊಕ್ಕವರು. ಮೊದಲು ಎಣ್ಣೆಬತ್ತಿಯ ದೀಪ, ನಂತರ ಕಾರ್ಬೈಡ್ ದೀಪ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಬರುವ ಅಸಿಟಿಲಿನ್ ಗ್ಯಾಸೇ ಅದರಲ್ಲಿ ಉರಿಯುವುದು. ಆಮೇಲೆ ಬಲ್ಬು ಹಣೆಗೆ, ಬ್ಯಾಟರಿ ಡಬ್ಬಿ ಸೊಂಟಕ್ಕೆ, ನಡುವೆ ಉದ್ದದ ವೈರು. 1973ರಲ್ಲಿ ಫ್ರಾನ್ಸಿನ ಫೆರ್ನಾಂ ಪೆಟ್ಜಲ್ ಬ್ಯಾಟರಿಯನ್ನೂ ತಲೆಪಟ್ಟಿಗೇ ಸೇರಿಸಿದರು. ಅವರೂ ಗುಹೆ ಹುಡುಕುವವರೇ. ನನ್ನ ಪ್ರಕಾರ ದೊಡ್ಡ ತಿರುವು ಇದೇ. 2000ದಲ್ಲಿ ಅವರದೇ ಹೆಸರಿನ ಪೆಟ್ಜಲ್ ಕಂಪನಿಯ ಟಿಕ್ಕಾ ಎಂಬ ಹೆಡ್‌ಲ್ಯಾಂಪ್ ಬಂತು. ಮೂರು ಸಣ್ಣ ಸೆಲ್ಲು, ಮೂರು ಎಲ್‌ಇಡಿ. ಬೆಳಕು ದೂರ ಬೀಳುತ್ತಿರಲಿಲ್ಲ, ಆದರೆ ರಾತ್ರಿಗಟ್ಟಲೆ ಉರಿಯುತ್ತಿತ್ತು, ಜೇಬಲ್ಲಿ ಹಿಡಿಸುತ್ತಿತ್ತು.

ಹಾಗಂತ ವೈರಿನ ದೀಪ ಸುಮ್ನೆ ಹಳೇ ಸಾಮಾನಲ್ಲ. ಕಡು ಚಳಿಯಲ್ಲಿ ಹೊಸ ಸೆಲ್ಲೂ ಮಂಕಾಗುತ್ತದೆ. ಡಬ್ಬಿ ಜಾಕೆಟ್ಟಿನ ಒಳಗಿದ್ದರೆ ಮೈಶಾಖಕ್ಕೆ ಬೆಚ್ಚಗಿರುತ್ತದೆ. ನೀವು ಹಿಮಾಲಯಕ್ಕೆ ಹೋಗುವುದಾದರೆ ಲಿಥಿಯಂ ಸೆಲ್ ಒಯ್ಯಿರಿ, ಹೆಚ್ಚುವರಿ ಸೆಲ್ಲನ್ನು ಒಳಜೇಬಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಘಟ್ಟಕ್ಕೆ ಬಂದರೆ ತೊಂದರೆ ಬೇರೆ. ಮಂಜಿಗೆ ಬಡಿದ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ, ದಾರಿ ಕಾಣಿಸುವುದಿಲ್ಲ. ಆಗ ದೀಪ ತಲೆಯಿಂದ ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದು ನಡೆಯಿರಿ.