ಭಯಕ್ಕೆ ಕೊಟ್ಟ ಪೂರ್ಣ ಅಧಿಕಾರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಒಂದು ಕಚೇರಿಯ ನೆಟ್‌ವರ್ಕ್ ನಿರ್ವಾಹಕರು. ಆ ಕೆಲಸಕ್ಕೆ ಅಲ್ಲಿ ಅವರೊಬ್ಬರೇ. ನಿದ್ರೆ ಬರುತ್ತಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂಬುದು ಅವರ ದೂರು.

ಮಾತಾಡುತ್ತಾ ಹೋದಂತೆ ಮೂಲ ಹೊರಬಂತು. ಲೆಕ್ಕಪತ್ರ ವಿಭಾಗಕ್ಕೆ ವರ್ಗವಾಗಿ ಬಂದ ಉದ್ಯೋಗಿಯೊಬ್ಬರಿಗೆ ಸರ್ವರ್‌ನಲ್ಲಿದ್ದ ವಿಭಾಗದ ಫೋಲ್ಡರ್ ತೆರೆಯುತ್ತಿರಲಿಲ್ಲ. ಇವರು ಆ ಉದ್ಯೋಗಿಯನ್ನು ಫೋಲ್ಡರ್ ತೆರೆಯಲು ಅನುಮತಿಯಿರುವ ಸರಿಯಾದ ಬಳಕೆದಾರರ ಗುಂಪಿಗೇ ಸೇರಿಸಿದ್ದರು. ಆದರೂ ‘ಆಕ್ಸೆಸ್ ಡಿನೈಡ್’, ಅಂದರೆ ಪ್ರವೇಶವಿಲ್ಲ ಎಂಬ ಸಂದೇಶ. ಮೇಲಧಿಕಾರಿ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಇವರು ‘ಎವೆರಿವನ್’ಗೆ, ಅಂದರೆ ಎಲ್ಲ ಬಳಕೆದಾರರಿಗೂ, ಪೂರ್ಣ ಅಧಿಕಾರ ಕೊಟ್ಟುಬಿಟ್ಟರು. ಫೋಲ್ಡರ್ ತೆರೆಯಿತು. ಸಂಬಳದ ಕಡತಗಳನ್ನು ಯಾರು ಬೇಕಾದರೂ ಓದಬಹುದು, ಅಳಿಸಬಹುದು ಎಂಬ ಅಂಜಿಕೆ ಅಂದಿನಿಂದ ಬಿಟ್ಟಿಲ್ಲ.

“ಮೇಡಂ, ನನಗೆ ಈ ಕೆಲಸವೇ ಬರುವುದಿಲ್ಲ” ಎಂದರು.

ಆಪ್ತಸಲಹೆಗಾರ್ತಿಯಾಗುವ ಮುಂಚೆ ನಾನೂ ಸರ್ವರ್‌ಗಳ ನಡುವೆ ದುಡಿದವಳು. ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿ ಕಳುಹಿಸಲು ಮನಸ್ಸಾಗಲಿಲ್ಲ. ಅವರ ಆತಂಕ ಭ್ರಮೆಯಲ್ಲ. ಸರ್ವರ್ ನಿಜಕ್ಕೂ ತೆರೆದೇ ಇತ್ತು.

ಮೊದಲು ಹೇಳಿದ್ದು, ಗುಂಪಿಗೆ ಸೇರಿಸಿದ ಅವರ ಹೆಜ್ಜೆ ಸರಿಯಾಗಿತ್ತು ಎಂದು. ಯಾರು ಯಾವ ಗುಂಪಿನವರೆಂಬ ಮಾಹಿತಿಯನ್ನು ವಿಂಡೋಸ್ ಲಾಗಿನ್ ಆಗುವಾಗ ಪಡೆಯುತ್ತದೆ. ಆ ಉದ್ಯೋಗಿ ಬೆಳಿಗ್ಗೆಯೇ ಲಾಗಿನ್ ಆಗಿದ್ದರಿಂದ ಹೊಸ ಗುಂಪು ಲೆಕ್ಕಕ್ಕೆ ಬಂದಿರಲಿಲ್ಲ. ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಒಳಬಂದಿದ್ದರೆ ಮುಗಿಯುತ್ತಿತ್ತು. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು.

ಮುಂದಿನ ಕರೆಗಳಿಗಾಗಿ ಒಂದೇ ಅಭ್ಯಾಸ ಸೂಚಿಸಿದೆ: ಯಾವುದನ್ನೂ ಬದಲಿಸುವ ಮುಂಚೆ ಪರದೆಯ ಸಂದೇಶವನ್ನು ಅಕ್ಷರಶಃ ಓದಿಸಿಕೊಳ್ಳುವುದು. ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಎಂಬ 53ನೇ ದೋಷ ಬಂದರೆ ಕೋರಿಕೆ ಸರ್ವರ್‌ವರೆಗೆ ತಲುಪಿಯೇ ಇಲ್ಲ. ಡಿಎನ್‌ಎಸ್ (ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕುವ ವ್ಯವಸ್ಥೆ), ಫೈರ್‌ವಾಲ್ (ಸಂಪರ್ಕಗಳನ್ನು ತಡೆಯುವ ಕಾವಲು), ಫೋಲ್ಡರ್ ಹಂಚಿಕೆಗೆ ಬಳಸುವ 445ನೇ ಪೋರ್ಟ್ ನೋಡಬೇಕು, ಅನುಮತಿಗಳನ್ನು ಮುಟ್ಟಬಾರದು. 5ನೇ ದೋಷ, ಅಂದರೆ ‘ಆಕ್ಸೆಸ್ ಡಿನೈಡ್’, ಬಂದರೆ ತಲುಪಿದೆ, ಒಳಗೆ ಬಿಟ್ಟಿಲ್ಲ. ಆಗ ನೆಟ್‌ವರ್ಕ್ ಮೂಲಕ ಬರುವವರಿಗೆ ಅನ್ವಯಿಸುವ ಹಂಚಿಕೆಯ ಅನುಮತಿಯನ್ನೂ ಡಿಸ್ಕ್‌ನಲ್ಲಿರುವ ಫೋಲ್ಡರ್‌ಗೇ ಹಾಕಿದ ಎನ್‌ಟಿಎಫ್‌ಎಸ್ ಅನುಮತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. 1219 ಬಂದರೆ ಅದೇ ಸರ್ವರ್‌ಗೆ ಬೇರೆ ಬಳಕೆದಾರರ ಹೆಸರಿನಲ್ಲಿ ಸಂಪರ್ಕ ಮೊದಲೇ ತೆರೆದಿದೆ. ಪಾಸ್‌ವರ್ಡ್ ಬದಲಾದ ಮರುದಿನದ ದೂರುಗಳಲ್ಲಿ ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಳೆಯದು ಉಳಿದಿದೆಯೇ ಎಂದು ನೋಡುವುದು ಒಳ್ಳೆಯದು. ಇವೆಲ್ಲ ಅವರಿಗೆ ಗೊತ್ತಿದ್ದ ಸಂಗತಿಗಳೇ; ಬೆನ್ನ ಹಿಂದೆ ಯಾರೋ ನಿಂತಾಗ ಮರೆತುಹೋಗುತ್ತಿದ್ದವು.

ಆದ್ದರಿಂದ ಬೆನ್ನ ಹಿಂದಿನವರ ಬಗ್ಗೆಯೂ ಮಾತಾಡಿದೆವು. “ಸಂದೇಶ ಓದಿದ್ದೇನೆ, ಕಾರಣ ಹುಡುಕುತ್ತಿದ್ದೇನೆ, ಅರ್ಧ ಗಂಟೆಯಲ್ಲಿ ಎಲ್ಲಿಗೆ ಬಂದಿದ್ದೇನೆಂದು ತಿಳಿಸುತ್ತೇನೆ” ಎಂಬ ಮಾತನ್ನು ನನ್ನೆದುರೇ ಹಲವು ಬಾರಿ ಹೇಳಿಸಿದೆ. ಮೊದಲ ಸಲ ದನಿ ನಡುಗಿತು. ಒತ್ತಡ ಹಾಕುವವರಿಗೂ ಬೇಕಾದದ್ದು ಸುದ್ದಿ. ಅದು ಸಿಗದಿದ್ದಾಗ ನೆತ್ತಿಯ ಮೇಲೆ ಬಂದು ನಿಲ್ಲುತ್ತಾರೆ ಎಂಬುದು ನನ್ನ ನಂಬಿಕೆ.

ಕೊಟ್ಟ ಪೂರ್ಣ ಅಧಿಕಾರವನ್ನು ಗುಟ್ಟಾಗಿ ತೆಗೆಯಬೇಡಿ, ಏನಾಯಿತೆಂದು ಮೇಲಧಿಕಾರಿಗೆ ಬರೆದು ತಿಳಿಸಿ, ಇದ್ದ ಅನುಮತಿಗಳ ಪ್ರತಿ ಇಟ್ಟುಕೊಂಡು ಕಚೇರಿ ಮುಗಿದ ಮೇಲೆ ತೆಗೆಯಿರಿ ಎಂದೆ. ಗುಟ್ಟು ಉಳಿದರೆ ಭಯವೂ ಉಳಿಯುತ್ತದೆ. ನಿದ್ರೆ ಎರಡು ವಾರದಲ್ಲಿ ಸುಧಾರಿಸದಿದ್ದರೆ ವೈದ್ಯರನ್ನು ಕಾಣಲೂ ಹೇಳಿದೆ.

ಅವರು ಪತ್ರ ಬರೆದರು. ಮರುಭೇಟಿಗೆ ಬಂದಾಗ, ಮೇಲಧಿಕಾರಿ ಗದರಲಿಲ್ಲ, ಬೇರೆ ಯಾವ ಫೋಲ್ಡರ್‌ಗಳು ಹೀಗೆ ತೆರೆದಿವೆ ಎಂದು ಪಟ್ಟಿ ಕೇಳಿದ್ದಾರೆ ಎಂದರು. ಪಟ್ಟಿ ಉದ್ದವಿತ್ತು, ಈಗ ಇಬ್ಬರೂ ಒಟ್ಟಿಗೆ ಕೂತು ಒಂದೊಂದಾಗಿ ಸರಿಪಡಿಸುತ್ತಿದ್ದಾರೆ.