‘ಬ್ಲಿ’ ಅಂದ್ರ ಆಗೂದೋ, ಉಳಿಯೂದೋ?

ಪ್ರಶ್ನೆ: ಮಗ ಓಸ್ಲೋದಾಗ ನೌಕರಿ ಮಾಡ್ತಾನ್ರಿ, ಹಿಂಗಾಗಿ ನಾನೂ ಮೊಬೈಲ್‌ನ್ಯಾಗ ನಾರ್ವೇಜಿಯನ್ ಕಲಿಯಾಕತ್ತೀನಿ. ‘ಬ್ಲಿ’ ಅನ್ನೋ ಕ್ರಿಯಾಪದಕ್ಕ ಒಂದ್ ಕಡೆ ‘ಆಗು’ ಅಂತದ, ಇನ್ನೊಂದ್ ಕಡೆ ‘ಉಳಿ’ ಅಂತದ. ಯಾವ್ದು ಖರೇ? ಡೇನಿಶ್‌ದಾಗೂ ಹಿಂಗ ಏನ್ರಿ?
— ಓದುಗರೊಬ್ಬರು, ಗದಗ

ಉತ್ತರ: ಎರಡೂ ಖರೇ ರೀ. ‘ಯಾಯ್ ಬ್ಲೀರ್ ಲ್ಯಾರರ್’ ಅಂದ್ರ ನಾ ಮಾಸ್ತರ ಆಗ್ತೀನಿ, ‘ಯಾಯ್ ಬ್ಲೀರ್ ಹ್ಯಾರ್’ ಅಂದ್ರ ನಾ ಇಲ್ಲೇ ಇರ್ತೀನಿ. ಡೇನಿಶ್‌ದಾಗೂ ಹಂಗ, ಬರಿಯೂದು ‘ಬ್ಲೀವೆ’ ಅಂತ, ಆದ್ರ ಮಾತಾಡೂವಾಗ ‘ವ’ ಬಿದ್ದೋಗ್ತದ.

ಮೂಲ ಅರ್ಥ ‘ಉಳಿ’ನೇ, ಯಾಕಂದ್ರ ಇದು ಅವರ ಮನಿ ಶಬ್ದನೇ ಅಲ್ಲ! ಹಳೇ ನಾರ್ಸ್‌ದಾಗ (ಈ ಭಾಷಾಗಳ ಹಳೇ ತಾಯಿ ಭಾಷಾ) ‘ಆಗು’ ಅನ್ನಾಕ ‘ವೆರ್ಡಾ’ ಅಂತಿತ್ತು, ಐಸ್‌ಲ್ಯಾಂಡ್ ಮಂದಿ ಇವತ್ತಿಗೂ ಅದನ್ನ ಬಳಸ್ತಾರ. ಮಧ್ಯಯುಗದಾಗ ಉತ್ತರ ಜರ್ಮನಿಯ ಹಾನ್ಸಾ ಅನ್ನೋ ಕೂಟದ ವ್ಯಾಪಾರಿಗಳು ಬಂದ್ರು, 1360ರ ಸುಮಾರಿಗೆ ನಾರ್ವೆಯ ಬರ್ಗನ್‌ದಾಗ ಅವರದ ಆಫೀಸೂ ಆತು, ಅವರು ಆಡೋ ಲೋ ಜರ್ಮನ್ ಭಾಷಾದಾಗಿನ ‘ಬ್ಲೀವೆನ್’ ಇವರ ಬಾಯಾಗ ಕುಂತು ಹಳೇ ಶಬ್ದನ ಹೊರಗ ಹಾಕ್ತು. ಇವತ್ತಿನ ಜರ್ಮನ್ ‘ಬ್ಲೈಬೆನ್’ ಇದರ ಸಂಬಂಧೀನ, ಅದಕ್ಕ ಈಗಲೂ ‘ಉಳಿ’ ಅನ್ನೋದ ಅರ್ಥ. ನಾರ್ವೆಯ ಇನ್ನೊಂದ್ ಬರವಣಿಗೆ ರೂಪ ನ್ಯೂನಾರ್ಸ್ಕ್‌ದಾಗ ಮಾತ್ರ ಹಳೇದು ‘ವೆರ್ತೆ’ ಅಂತ ಇನ್ನೂ ಜೀವಂತ ಅದ, ‘ಬ್ಲಿ’ನೂ ನಡೀತದ.

ನನಗ ಭಾಳ ಸೋಜಿಗ ಅನ್ಸೂದು ಇದ. ನಮ್ಮ ಹುಬ್ಬಳ್ಳಿ ಪ್ಯಾಟಿಗೂ ಪರ್ಶಿಯನ್ನು, ಮರಾಠಿ, ಇಂಗ್ಲಿಷು ಎಲ್ಲಾ ಬಂದ್ವು, ಮಂಜೂರಾತು, ರದ್ದಾತು, ಖಾಲಿ ಆತು, ಬುಕ್ ಆತು ಅಂತೀವಿ, ಆದ್ರ ಹೊರಗಿನ ಶಬ್ದ ಎಷ್ಟ್ ಬಂದ್ರೂ ಅದನ್ನ ಹೊತ್ಕೊಂಡ್ ಹೋಗೋ ‘ಆಗು’ ಮಾತ್ರ ನಮ್ದ ಉಳೀತು. ಅವರು ಆ ‘ಆಗು’ನ್ನೇ ಕಡಾ ತಂದ್ರು!

ಇನ್ನ ಕರ್ಮಣಿ ಪ್ರಯೋಗಕ್ಕೂ ಇದ ಬೇಕು: ‘ಬ್ರೇವೆ ಬ್ಲೀರ್ ಸೆಂಟ್’, ಪತ್ರ ಕಳಿಸಲಾಗ್ತದ. ಇಲ್ಲಿ ಕನ್ನಡದಾಗೂ ‘ಆಗು’ನ ಬಂತು ನೋಡ್ರಿ, ಸರ್ಕಾರಿ ನೋಟಿಸ್‌ನ್ಯಾಗ ‘ತಿಳಿಸಲಾಗಿದೆ’ ಅಂತಾರಲ್ಲ, ಹಂಗ. ಇದನ್ನ ಹಿಡಕೊಂಡ್ರ ನಿಮಗ ಅರ್ಧಾ ವ್ಯಾಕರಣ ಸಲೀಸ ಆಗ್ತದ.

ಭೂತಕಾಲಕ್ಕ ನಾರ್ವೇಜಿಯನ್‌ದಾಗ ‘ಬ್ಲೇ’, ‘ಬ್ಲೈ’ ಎರಡೂ ನಡೀತಾವ. ಆಗೇತಿ ಅನ್ನಾಕ ‘ಹಾರ್ ಬ್ಲಿತ್’ (ಹಾರ್ ಅಂದ್ರ ಇಂಗ್ಲಿಷಿನ ‘ಹ್ಯಾವ್’ ಇದ್ದಂಗ) ಅಂದ್ರೂ ಸೈ, ‘ಆ್ಯರ್ ಬ್ಲಿತ್’ (ಆ್ಯರ್ ಅಂದ್ರ ‘ಈಸ್’ ಇದ್ದಂಗ) ಅಂದ್ರೂ ಸೈ, ಆದ್ರ ಡೇನಿಶ್‌ದಾಗ ‘ಹಾರ್’ ಹಚ್ಚಬ್ಯಾಡ್ರಿ, ಅಲ್ಲಿ ‘ಆ್ಯರ್’ ಒಂದ.